ಇನ್‌ಚಾರ್ಜ್ ಮುರಿಗೆಪ್ಪನ ಬೀಗತನ

ಮುರಿಗೆಪ್ಪ ಇಂಜಿನಿಯರ್ ಆಗಿರಲಿಲ್ಲ. ಈ ಸಂಗತಿ ಮುಂಬಯಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಒಬ್ಬ ಸ್ವತಃ ಮುರಿಗೆಪ್ಪ, ಇನ್ನೊಬ್ಬರು ಅವನಿಗೆ ಪಗಾರ ಕೊಡುವ ಚಿಮನಲಾಲ್ ಶೇಠರು. ಸಯನ್ನಿನ ಚಾಳಿನಲ್ಲಿ ಅವನ ಹೆಂಡತಿ ಶರಣವ್ವ ನೀರಿನ ಸಾಲಿನಲ್ಲಿ ನಿಂತು "ನಮ್ಮ ಯಜಮಾನ್ರು ಈಗ ಇಂಜಿನೇರು" ಎಂದು ಸಾರಿಬಿಟ್ಟಿದ್ದಳು. ಶರಣವ್ವ ಸಾರಿದ್ದನ್ನು ಅಲ್ಲಗಳೆಯುವ ಧೈರ್ಯ ಆ ಚಾಳಿನಲ್ಲಿ ಯಾರಿಗೂ ಇರಲಿಲ್ಲ. ಮುರಿಗೆಪ್ಪನಿಗಂತೂ ಮೊದಲೇ ಇರಲಿಲ್ಲ.

ಆದದ್ದಿಷ್ಟು. ಚೆಂಬೂರಿನಲ್ಲಿ ಶೇಠರು ಕಟ್ಟಿಸುತ್ತಿದ್ದ ಮೂರು ಮಾಳಿಗೆಯ ಬಿಲ್ಡಿಂಗಿನ ಓವರ್‌ಸಿಯರ್, ಸಮೀಪದಲ್ಲೇ ಹೊಸದಾಗಿ ಏಳುತ್ತಿದ್ದ ರಿಫೈನರಿಯಲ್ಲಿ ಹೆಚ್ಚು ಪಗಾರ ಸಿಕ್ಕಿತೆಂದು ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟುಹೋದ. ಶೇಠರು ಸುತ್ತ ನೋಡಿದರು. ಸಿಮೆಂಟಿನ ಗೋದಾಮಿನ ಕಾರಕೂನ ಮುರಿಗೆಪ್ಪ ಇಸ್ತ್ರಿಯ ಕೋಟು ಹಾಕಿಕೊಂಡು ನಿಂತಿದ್ದ. ಅವನನ್ನು ಇನ್‌ಚಾರ್ಜ್ ಮಾಡಲು ಇದಕ್ಕಿಂತ ಬೇರೆ ಕಾರಣವಿತ್ತೆಂದು ಇಂದಿಗೂ ಯಾರೂ ಹೇಳುವುದಿಲ್ಲ.

ಶೇಠರು ಕೆಲವು ವರ್ಷ ಹುಬ್ಬಳ್ಳಿಯಲ್ಲಿ ಅರಳೆಯ ವ್ಯಾಪಾರ ಮಾಡಿದ್ದವರು. ಅವರಿಗೆ ಕನ್ನಡ ಬರುತ್ತಿತ್ತು. ಅಂದರೆ, ಆಡಲು ಅವರು ಹೆದರುತ್ತಿರಲಿಲ್ಲ.

"ಮುರಿಗೆಪ್ಪಾ, ಮಿರಗದ ಮಳಿ ಬರೂದಕ್ಕ ಪೈಲೇ ಮ್ಯಾಲಿನ ಸ್ಲ್ಯಾಬ್ ಬೀಳಬೇಕು. ಬಿತ್ತು, ನೀ ಪಕ್ಕಾ ಇನ್‌ಚಾರ್ಜ್. ಬೀಳಲಿಲ್ಲ, ವಾಪಸ್ ಗೋದಾಮು. ಸಮ್ಝಾ?"

"ಹೌದ್ರಿ," ಎಂದ ಮುರಿಗೆಪ್ಪ. ಎದುರಿಗೆ ಮನುಷ್ಯನ ಮುಖವಿದ್ದಾಗ ಅವನ ಬಾಯಿಂದ ಸಲೀಸಾಗಿ ಬರುತ್ತಿದ್ದ ಮಾತು ಇದೊಂದೇ.

ಅವನ ಕಷ್ಟವೂ ಅದೇ. ಯಾರ ಮುಖ ನೋಡಿಕೊಂಡೂ ಅವನಿಗೆ ಒಂದು ಕೆಲಸ ಹೇಳಲು ಬರುತ್ತಿರಲಿಲ್ಲ. ಗೌಂಡಿಯೊಬ್ಬ ಗೋಡೆಯನ್ನು ಸೊಟ್ಟಗೆ ಕಟ್ಟುತ್ತಿದ್ದರೆ ಮುರಿಗೆಪ್ಪ ಹತ್ತಿರ ಹೋಗಿ, ಕೆಮ್ಮಿ, "ಗ್ವಾಡಿ ಸ್ವಲ್ಪ…" ಎನ್ನುವನು. ಗೌಂಡಿ ತಿರುಗಿ ನೋಡುವನು. "ಅಲ್ಲ, ಬಿಸಲು ಭಾಳ ಐತಲ್ಲ, ನೀರು ಕುಡದೀರೇನು?" ಎಂದು ಮುರಿಗೆಪ್ಪ ಮುಂದೆ ಹೋಗುವನು. ಗೌಂಡಿ ನೀರು ಕುಡಿದು ಬಂದು ಗೋಡೆಯನ್ನು ಇನ್ನಷ್ಟು ಸೊಟ್ಟಗೆ ಕಟ್ಟುವನು.

ಅಲ್ಲಿ ಕೆಲಸಕ್ಕಿದ್ದವರೆಲ್ಲ ವಿಜಾಪುರದ ಕಡೆಯವರು. ಗುಂಪಿನ ಮುಖ್ಯಸ್ಥನಾದ ಮುಕಾದಮ ಬಸವಂತಪ್ಪ, ಅವನ ತಮ್ಮಂದಿರು, ಕಾಕನ ಮಕ್ಕಳು, ಅವರ ಹೆಂಡಿರು, ಹೀಗೆ ಇಡೀ ಗುಂಪೇ ಒಂದು ಮನೆತನ. ಗಂಡಸರು ಕಟ್ಟುವರು, ಹೆಂಗಸರು ಘಮೇಲಿಯೆಂಬ ಕಬ್ಬಿಣದ ಬುಟ್ಟಿಗಳಲ್ಲಿ ಕಲಸಿದ ಸಿಮೆಂಟನ್ನು ತಲೆಯ ಮೇಲೆ ಹೊತ್ತು ಮೇಲೇರಿಸುವರು. ಸ್ಲ್ಯಾಬ್ ಹಾಕುವ ದಿನವಂತೂ ಎಲ್ಲವೂ ಹೆಂಗಸರ ತಲೆಯ ಮೇಲೆಯೇ. ಒಮ್ಮೆ ಸುರಿಯಲು ಶುರುಮಾಡಿದರೆ ಛಾವಣಿ ಪೂರ್ತಿ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ, ಮಳೆ ಹಿಡಿದರೆ ಶುರುಮಾಡುವಂತೆಯೇ ಇಲ್ಲ.

ಮೇ ತಿಂಗಳು ಮುಗಿಯುತ್ತ ಬಂದಿತ್ತು, ಮಿರಗವೆಂಬ ಮೃಗಶಿರಾ ಮಳೆ ಹತ್ತಿರವಾಗಿತ್ತು. ಮುರಿಗೆಪ್ಪನ ಊಟ ಕಡಿಮೆಯಾಯಿತು. ಇದನ್ನು ಗಮನಿಸಿದ ನೆರೆಮನೆಯ ಅಣ್ಣು, ಮಾಟುಂಗದ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನು, ಒಂದು ಭಾನುವಾರ ಅವನನ್ನು ಹೊರಡಿಸಿದ.

"ಬನ್ನಿ ಮಾರಾಯ್ರೆ. ನಮ್ಮ ಕನ್ನಡ ಸಂಘದಲ್ಲಿ ಭಾಷಣ ಉಂಟು. ಜನರಿಂದ ಕೆಲಸ ತೆಗೆಯುವುದು ಹೇಗೆ ಅಂತ. ವಿಲಾಯತಿ ಕಂಪನಿಯಲ್ಲಿ ದೊಡ್ಡ ಜಾಗದಲ್ಲಿ ಇದ್ದವರಂತೆ. ಕಡೆಗೆ ಉಪ್ಪಿಟ್ಟು ಸಹ ಉಂಟು, ನಮ್ಮ ಹೋಟೆಲಿಂದೇ."

ಭಾಷಣಕಾರರು ಟೈ ಕಟ್ಟಿದ್ದರು. "ಮಹನೀಯರೇ," ಎಂದರು, "ನಾಯಕನಾದವನು ಮೊದಲು ತನ್ನ ಕೆಲಸಗಾರನ ಮನೆಗೆ ಹೋಗಬೇಕು. ಅವನ ಮಕ್ಕಳ ಹೆಸರು ಕೇಳಬೇಕು, ಸುಖದುಃಖ ವಿಚಾರಿಸಬೇಕು. ಮೊದಲ ಭೇಟಿಯಲ್ಲಿ ಕೆಲಸದ ಮಾತು ಎತ್ತಲೇಬಾರದು. ಮಾತು ಕಡಿಮೆ, ಕಿವಿ ಹೆಚ್ಚು!" ಮುರಿಗೆಪ್ಪ ತಲೆದೂಗಿದ. ಇಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಒಗ್ಗರಣೆ ಸಿಡಿದ ಸಪ್ಪಳವಾಯಿತು. ಎರಡನೆಯ ಭೇಟಿಯಲ್ಲಿ ಕೆಲಸದ ಮಾತನ್ನು ಹೇಗೆ ಎತ್ತಬೇಕೆಂದು ಭಾಷಣಕಾರರು ಮುಂದೆ ಸವಿಸ್ತಾರವಾಗಿ ತಿಳಿಸಿದರಂತೆ. ಆ ಹೊತ್ತಿಗೆ ಮುರಿಗೆಪ್ಪ ಉಪ್ಪಿಟ್ಟಿನ ಸಾಲಿನಲ್ಲಿದ್ದ.

ಮರುದಿನ ಸೋಮವಾರ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ವಾರವೆಂದು ಮುರಿಗೆಪ್ಪ ತಲೆಗೆ ಸ್ನಾನ ಮಾಡಿ, ಕರಿ ಕೋಟು ಹಾಕಿ, ಜರಿಯ ರುಮಾಲು ಸುತ್ತಿಕೊಂಡ. ದೊಡ್ಡವರ ಮನೆಗಾಗಲಿ ಚಿಕ್ಕವರ ಮನೆಗಾಗಲಿ ಬರಿಗೈಯಲ್ಲಿ ಹೋಗಬಾರದೆಂದು ತೆಂಗಿನಕಾಯಿ, ಬಾಳೆಹಣ್ಣು, ಎಲೆಅಡಿಕೆ, ಸಕ್ಕರೆ ಕೊಂಡ. ಹೂವಿನವಳು ಕರೆದು ಒಂದು ಮಲ್ಲಿಗೆಯ ದಂಡೆ ಮುಂದೆ ಹಿಡಿದಳು. ಅವಳ ಮುಖ ನೋಡಿ ಬೇಡವೆನ್ನಲು ಅವನಿಂದ ಆಗಲಿಲ್ಲ, ಅದನ್ನೂ ಕೊಂಡ.

ಸೋಮವಾರ, ರುಮಾಲು, ತೆಂಗಿನಕಾಯಿ, ಸಕ್ಕರೆ, ಹೂವು ಇಷ್ಟೂ ಕೂಡಿ ಒಂದು ಮನೆಯ ಬಾಗಿಲಿಗೆ ಬಂದರೆ ಅದರ ಅರ್ಥವೇನೆಂದು ಧಾರವಾಡದಿಂದ ವಿಜಾಪುರದವರೆಗೆ ತೊಟ್ಟಿಲ ಕೂಸಿಗೂ ಗೊತ್ತು. ಮುರಿಗೆಪ್ಪನಿಗೂ ಗೊತ್ತಿತ್ತು. ಆದರೆ ಆ ದಿನ ಅವನ ತಲೆಯ ತುಂಬ ನಾಯಕತ್ವವೇ ಇತ್ತು.

ಬಿಲ್ಡಿಂಗಿನ ಹಿಂದಿನ ತಗಡಿನ ಮನೆಯ ಮುಂದೆ ಬಸವಂತಪ್ಪ ಕಂಬಳಿ ಹಾಸಿದ. ಮುರಿಗೆಪ್ಪ ಕೂತು ತಂದದ್ದನ್ನೆಲ್ಲ ಮುಂದಿಟ್ಟ. ಬಸವಂತಪ್ಪ ತೆಂಗಿನಕಾಯಿಯನ್ನು ನೋಡಿದ. ಅವನ ಹೆಂಡತಿ ದಾನವ್ವ ಹೂವನ್ನು ನೋಡಿದಳು. ಗಂಡಹೆಂಡಿರು ಪರಸ್ಪರ ಮುಖ ನೋಡಿಕೊಂಡರು. ದಾನವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಒಳಗೆ ಹೋದಳು.

"ಮಕ್ಕಳೆಷ್ಟು ಮಂದಿರಿ ಬಸವಂತಪ್ಪನವರ?" ಎಂದು ಮುರಿಗೆಪ್ಪ ಆರಂಭಿಸಿದ.

"ಗಂಡಮಕ್ಕಳು ಊರಾಗ ಅದಾರ್ರಿ ಸಾಹೇಬ್ರ. ಇಲ್ಲಿ ನಮ್ಮ ಕೂಡ ಒಬ್ಬಾಕಿ ಮಗಳು, ನಾಗವ್ವ."

"ಎಲ್ಲ್ಯದಾಳ? ಕರೀರಲ್ಲ, ನೋಡೂಣು."

ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ನಾಗವ್ವ ಇಳಕಲ್ ಸೀರೆ ಉಟ್ಟು ಚಹಾ ತಂದಳು. ದಿನವೂ ಘಮೇಲಿ ಹೊತ್ತು ಏಣಿ ಏರುವ ಹುಡುಗಿಯೇ ಇವಳೆಂದು ಮುರಿಗೆಪ್ಪನಿಗೆ ಹೊಳೆಯಲಿಲ್ಲ.

"ಸಾಲಿ ಎಷ್ಟು ಕಲತೀಯವಾ? ರೊಟ್ಟಿ ಬಡೀಲಿಕ್ಕೆ ಬರ್ತದೇನು?" ಕೇಳಬೇಕಾದ್ದು ತೋಚದೆ ಮುರಿಗೆಪ್ಪ ತನ್ನ ಅತ್ತೆ ಹುಡುಗಿಯರನ್ನು ಕಂಡಾಗಲೆಲ್ಲ ಕೇಳುತ್ತಿದ್ದುದನ್ನೇ ಕೇಳಿದ. ಹೂವು ಬಾಡುತ್ತಿತ್ತು, ಅದನ್ನೂ ಎತ್ತಿ ಅವಳ ಕೈಗೇ ಕೊಟ್ಟ.

ದಾನವ್ವ ಬಾಗಿಲ ಸಂದಿಯಿಂದ ನೋಡುತ್ತ ಕಣ್ಣೊರೆಸಿಕೊಂಡಳು. ಬಸವಂತಪ್ಪ ಮೆಲ್ಲಗೆ, "ನಿಮ್ಮ ಮನ್ಯಾಗ ನಿಮ್ಮ ಹೆಂಡತಿ ತಮ್ಮ, ಈರಣ್ಣ, ಇನ್ನೂ ಹಂಗs ಅದಾನಲ್ರಿ?" ಎಂದ. ತನ್ನ ಮನೆಯ ಸುಖದುಃಖವನ್ನೂ ವಿಚಾರಿಸುತ್ತಿದ್ದಾನೆಂದು ಮುರಿಗೆಪ್ಪನಿಗೆ ಸಂತೋಷವಾಯಿತು. "ಹೌದ್ರಿ, ಅದಾನ," ಎಂದ. ಮಾತು ಕಡಿಮೆ ಮಾಡಬೇಕಿತ್ತಲ್ಲ, ಅಲ್ಲಿಗೇ ನಿಲ್ಲಿಸಿದ. ಕೆಲಸದ ಮಾತು ಎತ್ತಲೇ ಇಲ್ಲ. ಲೋಕಲ್ ರೈಲು ಹತ್ತಿ ಕೂತಾಗ ತಾನು ಇಷ್ಟು ದಿನ ಸುಮ್ಮನೆ ಹೆದರಿದೆನೆಂದು ಅವನಿಗೆ ಅನಿಸಿತು.

ಮರುದಿನ ಸೈಟಿಗೆ ಕಾಲಿಟ್ಟ ಕೂಡಲೇ ಮೇಲಿನಿಂದ ಯಾರೋ ಕೂಗಿದರು: "ಬಂದ್ರು! ಬಂದ್ರು!" ಏಣಿಯ ಮೇಲಿದ್ದ ಹೆಂಗಸರು ಘಮೇಲಿಗಳನ್ನು ಅಲ್ಲಲ್ಲೇ ಬಿಟ್ಟು, ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ತಲೆಗೆಳೆದುಕೊಂಡು, ಇಟ್ಟಿಗೆಯ ರಾಶಿಯ ಹಿಂದೆ ಮರೆಯಾದರು. ಗಂಡಿನ ಕಡೆಯ ಹಿರಿಯರ ಕಣ್ಣೆದುರಿಗೆ ಹೆಣ್ಣಿನ ಕಡೆಯ ಹೆಂಗಸರು ಸಿಮೆಂಟು ಹೊತ್ತು ಅಡ್ಡಾಡಿದರೆ ಮನೆತನದ ಮಾನ ಉಳಿದೀತೇ? ಗಂಡಸರು ಕೆಳಗಿಳಿದು ಕೈಕಟ್ಟಿ ನಿಂತರು. ಬಸವಂತಪ್ಪ ಹೊರಸೆಂಬ ಹಗ್ಗದ ಮಂಚವನ್ನು ತಂದು ನೆರಳಲ್ಲಿ ಹಾಕಿದ. ಕಂಚಿನ ಗಂಗಾಳದಲ್ಲಿ ನೀರು ಬಂತು, ಹಿಂದೆಯೇ ಲೋಟದ ತುಂಬ ಹಾಲು.

ಮುರಿಗೆಪ್ಪನ ಕಣ್ಣು ತುಂಬಿ ಬಂತು. ಇಷ್ಟು ಮರ್ಯಾದೆಯನ್ನು ಅವನು ತನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಎರಡನೆಯ ದಿನವೂ ಹೀಗೇ ಆಯಿತು. ಅವನು ಹೊರಸಿನ ಮೇಲೆ ಕೂತಿರುವಷ್ಟು ಹೊತ್ತು ಒಂದು ಇಟ್ಟಿಗೆ ಅಲುಗುತ್ತಿರಲಿಲ್ಲ. ಅವನು ನಾಯಕ, ಬೆಳಗಿನಿಂದ ಸಂಜೆಯವರೆಗೆ ಕೂತೇ ಇರುತ್ತಿದ್ದ. "ಕೆಲಸ…" ಎಂದು ಒಮ್ಮೆ ಬಾಯಿ ತೆರೆದ. "ಅದೆಲ್ಲಾ ನಮಗ ಬಿಡ್ರಿ ಬೀಗರ, ನೀವು ಹಾಲು ತಗೋರಿ," ಎಂದ ಬಸವಂತಪ್ಪ. ಬೀಗರು ಎಂದದ್ದು ಮುರಿಗೆಪ್ಪನ ಕಿವಿಗೆ ಬಿತ್ತು. ವಿಜಾಪುರದ ಕಡೆ ಮೇಲಧಿಕಾರಿಗಳನ್ನು ಹಾಗೆ ಕರೆಯುವ ಪದ್ಧತಿ ಇದ್ದೀತೆಂದು ಅವನು ಸಮಾಧಾನ ಮಾಡಿಕೊಂಡ. ಹಾಲು ತಗೊಂಡ.

ಗುರುವಾರ ಸಂಜೆ ಚಾಳಿನ ಮೆಟ್ಟಿಲುಗಳಲ್ಲಿ ದೊಡ್ಡ ಸದ್ದಾಯಿತು. ಬಸವಂತಪ್ಪ, ದಾನವ್ವ, ತಮ್ಮಂದಿರು, ನಾದಿನಿಯರು ಎಲ್ಲರೂ ಮಡಿಬಟ್ಟೆ ಉಟ್ಟು, ಜೋಳದ ಚೀಲವನ್ನೂ ಮೆಣಸಿನಕಾಯಿಯ ಗಂಟನ್ನೂ ಹೊತ್ತು ಮೇಲೆ ಬಂದರು. ಅಣ್ಣುವಿನ ಹೆಂಡತಿ ರಾಜೀವಿ ಬಾಗಿಲಲ್ಲಿ ನಿಂತು, "ಎಂತ ಶರಣಕ್ಕಾ, ಮನೆಯಲ್ಲಿ ಪೂಜೆ ಉಂಟಾ?" ಎಂದಳು.

"ನಮ್ಮವರ ಕೈಕೆಳಗಿನ ಮಂದಿ," ಎಂದು ಶರಣವ್ವ ಮನೆಗಳ ಮುಂದಿನ ಉದ್ದ ಗ್ಯಾಲರಿಗೆಲ್ಲ ಕೇಳುವಂತೆ ಹೇಳಿದಳು. "ಇಂಜಿನೇರ ಅಂದ್ರ ಹಿಂಗs ನೋಡವಾ, ಮನಿತನಕ ಬಂದು ಕೈಮುಗೀತಾರ."

ಬಂದವರು ಕೈಮುಗಿದರು. ಆಮೇಲೆ ದಾನವ್ವ ಎದ್ದು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಅವಳ ನಾದಿನಿ ಹಾಸಿಗೆ ಎತ್ತಿ ನೋಡಿದಳು. ಮತ್ತೊಬ್ಬಳು ನಲ್ಲಿ ಎಷ್ಟು ದೂರವೆಂದು ನೋಡಿ ಬಂದಳು. ಶರಣವ್ವನ ಹುಬ್ಬು ಮೇಲೇರಿತು.

"ಮನಿ ಸಣ್ಣದು. ಆದರ ಬಾಳೇ ಛಲೋ ಕಾಣಸ್ತದ," ಎಂದಳು ದಾನವ್ವ. "ಎಲ್ಲಿ ಬೀಗತೇರ, ಹುಡುಗನ್ನ ಕರೀರಿ."

"ಯಾವ ಹುಡುಗ? ಯಾವ ಬೀಗತಿ?"

"ಸೋಮವಾರ ನಿಮ್ಮವರು ಬಂದು ಹುಡುಗೀನ ನೋಡಿ, ಹೂ ಕೊಟ್ಟು, ರೊಟ್ಟಿ ಬಡೀತಾಳೇನು ಅಂತ ಕೇಳಿ ಹೋದ್ರಲ್ರಿ. ನಾವು ಆಗಲೇ ಊರಿಗೆ ಹೇಳಿ ಕಳಿಸೇವಿ."

ಆ ಕ್ಷಣ ಆ ಚಾಳಿನಲ್ಲಿ ಎಷ್ಟು ಶಾಂತಿ ನೆಲೆಸಿತೆಂದರೆ ಕೆಳಗಿನ ರಸ್ತೆಯ ಬಸ್ಸಿನ ಕಂಡಕ್ಟರು ಟಿಕೆಟು ಹರಿಯುವುದೂ ಕೇಳಿಸುತ್ತಿತ್ತು. ಮುರಿಗೆಪ್ಪ ಸೋಮವಾರದ ರುಮಾಲನ್ನು ನೆನೆದ, ತೆಂಗಿನಕಾಯಿಯನ್ನು ನೆನೆದ, ಹೂವನ್ನು ನೆನೆದ. ಹಾಲಿನ ಲೋಟವನ್ನೂ ನೆನೆದ.

ಶರಣವ್ವ ಗಂಡನ ತೋಳು ಹಿಡಿದು ಒಲೆಯ ಮೂಲೆಗೆ ಎಳೆದೊಯ್ದಳು. ತನ್ನ ತಮ್ಮನಿಗೆ ಮ್ಯಾಟ್ರಿಕ್ ಪಾಸಾದ ಹೆಣ್ಣು ತರಬೇಕೆಂದು ಅವಳು ಎರಡು ವರ್ಷದಿಂದ ಪಟ್ಟು ಹಿಡಿದು ಕೂತವಳು.

"ಇಂಜಿನೇರನ ಮನಿಗೆ ಗೌಂಡ್ಯಾರ ಹೆಣ್ಣೇನು? ಈಗಿಂದೀಗ ಹೋಗಿ ಹೇಳ್ರಿ. ನಾ ಹೆಣ್ಣು ನೋಡಾಕ ಬಂದಿರಲಿಲ್ಲ ಅಂತ ಒಂದs ಮಾತು."

"ಹೇಳಿದ್ರ ಅವರೆಲ್ಲಾ ಕೆಲಸ ಬಿಟ್ಟು ಹೋಗ್ತಾರ. ಸ್ಲ್ಯಾಬು…"

"ಹೇಳ್ರಿ!"

ಮುರಿಗೆಪ್ಪ ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಬಂದ. ಎಲ್ಲರೂ ಅವನ ಕಡೆ ತಿರುಗಿದರು. ಗ್ಯಾಲರಿಯಲ್ಲಿ ರಾಜೀವಿ, ಅಣ್ಣು, ಇನ್ನೂ ಹತ್ತು ಮನೆಯವರು ಬಾಗಿಲಿಗೆ ಒತ್ತಿಕೊಂಡು ನಿಂತರು. ಮುರಿಗೆಪ್ಪ ಗಂಟಲು ಸರಿಮಾಡಿಕೊಂಡ.

"ಬಸವಂತಪ್ಪನವರ, ಖರೇ ಮಾತು ಹೇಳಬೇಕಂದ್ರ…"

ಬಸವಂತಪ್ಪ ಮುಖ ಎತ್ತಿದ. ಬಿಸಿಲಲ್ಲಿ ಬೆಂದ, ಹಲ್ಲು ಉದುರಿದ, ಸಂತೋಷದಿಂದ ಅಗಲವಾದ ಮುಖ. ಅದರ ಪಕ್ಕದಲ್ಲಿ ದಾನವ್ವನ ಮುಖ.

"…ಎಲ್ಲಾರೂ ಊಟ ಮಾಡ್ಕೊಂಡs ಹೋಗಬೇಕು," ಎಂದ ಮುರಿಗೆಪ್ಪ.

ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಎಲೆ ಹಾಕಿಸಿಕೊಂಡರೆಂದರೆ ಮಾತು ಮುಗಿಯಿತು, ಸಂಬಂಧ ಗಟ್ಟಿ. ಬಸವಂತಪ್ಪ ಎದ್ದು ಮುರಿಗೆಪ್ಪನನ್ನು ಅಪ್ಪಿಕೊಂಡ. ಒಲೆಯ ಮೂಲೆಯಲ್ಲಿ ತಾಟೊಂದು ನೆಲಕ್ಕೆ ಅಪ್ಪಳಿಸಿತು.

ಇಷ್ಟರಲ್ಲಿ ಗಿರಣಿಯ ಟೈಮ್ ಆಫೀಸಿನ ಕೆಲಸ ಮುಗಿಸಿ ಈರಣ್ಣ ಬಂದ. ವಿಷಯ ಕೇಳಿ ಅವನು ಗಾಬರಿಯಾಗಲಿಲ್ಲ. ಅಕ್ಕನ ಹತ್ತಿರ ಹೋಗಿ ನೆಲ ನೋಡುತ್ತ, "ನನಗ ಒಪ್ಪಿಗಿ ಅಕ್ಕಾ," ಎಂದ.

"ನೋಡಿಲ್ಲ ಮಾಡಿಲ್ಲ, ಎಂಥಾ ಒಪ್ಪಿಗಿಯೋ ನಿಂದು?"

"ನೋಡೇನಿ. ರಜಾ ದಿನ ಮಾಮಾಗ ಬುತ್ತಿ ಒಯ್ತಿದ್ನಲ್ಲ."

ಬೇರೆ ದಿನ ಹಾಸಿಗೆಯಿಂದೇಳಲು ಹಿಂದೆಮುಂದೆ ನೋಡುತ್ತಿದ್ದ ತಮ್ಮ, ರಜೆ ಬಂದರೆ ಸಾಕು, ಬೆಳಿಗ್ಗೆ ಎದ್ದು ಬುತ್ತಿ ಹಿಡಿದು ಚೆಂಬೂರಿಗೆ ಏಕೆ ಓಡುತ್ತಿದ್ದನೆಂದು ಶರಣವ್ವನಿಗೆ ಆಗ ಗೊತ್ತಾಯಿತು. ಅವಳು ತಮ್ಮನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಹಣೆ ಬಡಿದುಕೊಂಡಳು. ಆಮೇಲೆ ಎಲೆ ಹಾಕಿದಳು. ತಮ್ಮನ ಮೇಲಿನ ಪ್ರೀತಿ ಅವಳಲ್ಲಿ ಮ್ಯಾಟ್ರಿಕ್ಕಿಗಿಂತ ದೊಡ್ಡದಿತ್ತು.

ಶುಕ್ರವಾರ ನಸುಕಿನಲ್ಲೇ ಪಶ್ಚಿಮಕ್ಕೆ ಮೋಡ ಕಟ್ಟಿತು. ಮುರಿಗೆಪ್ಪ ಚಹಾದ ಬಟ್ಟಲು ಹಿಡಿದು ಅಳುವಂತೆ ಕೂತಿದ್ದ. ನಾನು ಹೋದರೆ ಹೆಂಗಸರು ಅಡಗಿಕೊಳ್ಳುತ್ತಾರೆ, ಹೋಗದಿದ್ದರೆ ಇನ್‌ಚಾರ್ಜ್ ಇಲ್ಲವೆಂದು ಶೇಠರು ಹೊರಹಾಕುತ್ತಾರೆ ಎಂದು ಹೆಂಡತಿಗೆ ಎಲ್ಲವನ್ನೂ ಒಪ್ಪಿಸಿದ. ಇನ್ನು ಗೋದಾಮೇ ಗತಿ. ಶರಣವ್ವ ನೀರಿನ ಸಾಲಿನಲ್ಲಿ ತಲೆ ಎತ್ತಿ ನಿಲ್ಲುವ ಕಾಲ ಮುಗಿಯಿತು. ಶರಣವ್ವ ಸೀರೆ ಬದಲಿಸಿ, "ನಡೀರಿ," ಎಂದಳು.

ಸೈಟಿನಲ್ಲಿ ಗಂಡನನ್ನು ಬೇಲಿಯ ಹೊರಗೇ ನಿಲ್ಲಿಸಿ ಅವಳು ಒಳಗೆ ಹೋದಳು. ಇಟ್ಟಿಗೆಯ ರಾಶಿಯ ಮೇಲೆ ಹತ್ತಿ ನಿಂತಳು.

"ಕೇಳ್ರಿ ಎಲ್ಲಾರೂ! ಮಳಿ ಬೀಳೂದರೊಳಗ ಈ ಸ್ಲ್ಯಾಬು ಬೀಳಲಿಲ್ಲಂದ್ರ ನಮ್ಮವರ ನೌಕರಿ ಹೋಗ್ತದ. ನೌಕರಿ ಇಲ್ಲದವರ ಮನಿಗೆ ನೀವು ಹೆಣ್ಣು ಕೊಡ್ತೀರೇನು? ಮೊದಲ ಸ್ಲ್ಯಾಬು, ಆಮ್ಯಾಲೆ ಮದಿವಿ ಅಕ್ಕಿಕಾಳು!"

ಗಂಡಿನ ಅಕ್ಕ ಇಟ್ಟಿಗೆ ಏರಿ ನಿಂತು ಹೇಳಿದ ಮೇಲೆ ಮೀರುವವರಾರು? ದಾನವ್ವ ಮುಂದೆ ಬಂದಳು. "ಕೆಲಸಕ್ಕ ನಾವು ಅಂಜಾವರಲ್ಲ ಬೀಗತೇರ. ಆದರ ಬೀಗರ ಕಣ್ಣಮುಂದ ಹೆಂಗ್ರಿ?"

"ಕಣ್ಣಿಂದs ತ್ರಾಸು ಹೌದಲ್ಲೋ? ತಿರುಗಿಸಿ ಕೂಡಿಸಿದ್ರ ಆತು."

ಹೀಗೆ ಮುರಿಗೆಪ್ಪನನ್ನು ರಸ್ತೆಯ ಕಡೆ ಮುಖ ಮಾಡಿ, ಕಟ್ಟಡಕ್ಕೆ ಬೆನ್ನು ಮಾಡಿ, ಹೊರಸಿನ ಮೇಲೆ ಕೂಡಿಸಲಾಯಿತು. ಬೆನ್ನ ಹಿಂದೆ ಘಮೇಲಿಗಳು ಸಾಲಾಗಿ ಏರತೊಡಗಿದವು. ಅವನ ಮುಂದೆ ಬರೀ ರಸ್ತೆ, ಒಂದು ಆಲದ ಮರ, ಮೋಡ. ಸ್ವಲ್ಪ ಹೊತ್ತಿಗೆ ಹಿಂದೆ ಸಲಿಕೆಗಳ ಸದ್ದು ನಿಂತಿತು. ಮುರಿಗೆಪ್ಪ ಗಂಟಲು ಸರಿಮಾಡಿಕೊಂಡ. ತಿರುಗಿ ನೋಡುವ ಮುಖ ಒಂದೂ ಎದುರಿಗಿರಲಿಲ್ಲ.

"ಬಸವಂತಪ್ಪನವರ, ಕಲಸೂದು ಯಾಕ ನಿಂತತಿ?" ಎಂದು ಅವನು ಆಲದ ಮರಕ್ಕೆ ಹೇಳಿದ. "ಉಸುಕು ತೀರಿದ್ರ ಇಬ್ಬರನ್ನ ಕಳಸ್ರಿ. ನೀರು ಜಾಸ್ತಿ ಹಾಕಬ್ಯಾಡ್ರಿ. ಮೂಡಲ ಮೂಲಿಯಿಂದ ಶುರು ಮಾಡಿ ಹಿಂದಕ್ಕ ಬರ್ರಿ. ಹೂಂ, ಹತ್ತರಿ!"

ಆ ಧ್ವನಿ ಎಲ್ಲಿಂದ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಒಬ್ಬ ಮದ್ರಾಸಿ ಗುಮಾಸ್ತ ತನಗೇ ಹೇಳಿದರೆಂದು ಇಳಿದು ನಿಂತ. ಹಿಂದೆ ಸಲಿಕೆಗಳು ಮತ್ತೆ ಕೆಲಸಕ್ಕೆ ಬಿದ್ದವು. ಇನ್ನೂ ಹೇಳಿದ, ಇನ್ನೂ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಮುರಿಗೆಪ್ಪ, ಸೊಟ್ಟ ಗೋಡೆಯ ಗೌಂಡಿಗೆ ಹೇಳದೆ ಒಂದು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ರಸ್ತೆಗೆ ಹೇಳಿಬಿಟ್ಟ. ಅವನಿಗೆ ಹಗುರಾಯಿತು. ಗೌಂಡಿ ಗೋಡೆಯನ್ನು ಬಿಚ್ಚತೊಡಗಿದ.

ಸಂಜೆ ಕೊನೆಯ ಘಮೇಲಿ ಬೀಳುವುದಕ್ಕೂ ಶೇಠರ ಮೋಟಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಶೇಠರು ಇಳಿದರು. ಮೇಲೆ ಸ್ಲ್ಯಾಬ್ ಕಂಡಿತು. ಕೆಳಗೆ ಕಟ್ಟಡಕ್ಕೆ ಬೆನ್ನು ಹಾಕಿ ಕೂತ ಇನ್‌ಚಾರ್ಜ್ ಕಂಡ.

"ಅರೇ! ಕಾಮ್ ಅಲ್ಲಿ, ಮುಖ ಇಲ್ಲಿ? ಯೇ ಕ್ಯಾ ತರೀಕಾ ಹೈ?"

ಮುರಿಗೆಪ್ಪ ಎದ್ದು ನಿಂತ. ಶೇಠರ ದೊಡ್ಡ ಮುಖ ಮುಂದಿತ್ತು. ಸ್ಲ್ಯಾಬ್ ಬಿತ್ತು, ಮಾತು ಕೊಟ್ಟಂತೆ ಪಕ್ಕಾ ಮಾಡಿ ಎನ್ನಬೇಕಿತ್ತು. "ಶೇಠಜೀ, ಬಿಸಲು ಭಾಳಿತ್ತು, ಚಹಾ…" ಎಂದ.

ಶರಣವ್ವ ಬಂದು ಗಂಡನ ಎರಡೂ ಭುಜ ಹಿಡಿದು ಗರ್ರನೆ ರಸ್ತೆಯ ಕಡೆಗೆ ತಿರುಗಿಸಿದಳು. ಶೇಠರ ಮುಂದೆ ಈಗ ಕರಿ ಕೋಟಿನ ಬೆನ್ನಿತ್ತು. ಗುಂಪಿನ ಗುಂಪೇ ಸಲಿಕೆ ಕೆಳಗಿಟ್ಟು ನೋಡಿತು. ಪಗಾರ ಕೊಡುವ ಧಣಿಗೆ ಬೆನ್ನು ತೋರಿಸಿದವರನ್ನು ಅವರಾರೂ ಕಂಡಿರಲಿಲ್ಲ.

"ಶೇಠಜೀ," ಎಂದಿತು ಬೆನ್ನು, ಗಟ್ಟಿಯಾಗಿ, ಬಿಡಿಸಿ ಬಿಡಿಸಿ. "ಮಳಿಗಿಂತ ಮೊದಲ ಸ್ಲ್ಯಾಬು ಬಿದ್ದದ. ಮಾತು ಕೊಟ್ಟೀರಿ. ಇವತ್ತಿಂದ ನಾ ಪಕ್ಕಾ ಇನ್‌ಚಾರ್ಜ್. ಮುಂದಿನ ಬಿಲ್ಡಿಂಗಿಗೂ ಇದs ಮಂದಿ ಬೇಕು. ಮದಿವಿಗೆ ಎಲ್ಲಾರಿಗೂ ಎಂಟು ದಿನ ರಜಾ."

ಮೊದಲ ಹನಿಗಳು ತಗಡಿನ ಮೇಲೆ ಬಿದ್ದವು. ಗಂಡಸರು ತಾಡಪತ್ರಿ ಹೊತ್ತು ಸ್ಲ್ಯಾಬಿಗೆ ಹೊದಿಸಲು ಮೇಲೆ ಓಡಿದರು. ಇಷ್ಟು ವರ್ಷದ ವ್ಯಾಪಾರದಲ್ಲಿ ಯಾವ ನೌಕರನೂ ತಮ್ಮೊಡನೆ ಇಷ್ಟು ನೆಟ್ಟಗೆ ಮಾತಾಡಿರಲಿಲ್ಲವೆಂದು ಶೇಠರು ಆ ಬೆನ್ನನ್ನು ಒಮ್ಮೆ ತಟ್ಟಿದರು.

"ಠೀಕ್ ಹೈ. ಪಕ್ಕಾ. ರಜಾ ಭೀ ಮಂಜೂರು," ಎಂದರು. "ಈಗ ತಿರುಗು ಭಾಯಿ, ಕೈ ಕೊಡು."

ಮುರಿಗೆಪ್ಪ ಸಂತೋಷದಿಂದ ತಿರುಗಿದ. ಶೇಠರ ಮುಖ ನೋಡಿದ.

"ಹಂಗೇನಿಲ್ರಿ ಶೇಠಜೀ," ಎಂದ. "ನಿಮಗ ಅಡಚಣಿ ಆಗೂದಿದ್ರ ಬ್ಯಾಡ ಬಿಡ್ರಿ, ನನಗ ಗೋದಾಮs…"

ಶರಣವ್ವ ಅವನನ್ನು ಮತ್ತೆ ರಸ್ತೆಯ ಕಡೆಗೆ ತಿರುಗಿಸಿದಳು.